ಕೋಚ್ ಚೀಟಿ ಬರೆಯುವ ಹಾಗಿಲ್ಲ

ಆ ಮನೆಯಲ್ಲಿ ಒಳ್ಳೆಯ ಸುದ್ದಿಯನ್ನು ಊಟ ಮುಗಿಯುವ ಮೊದಲು ಹೇಳುವ ಹಾಗಿರಲಿಲ್ಲ. ಹೇಳಿದರೆ ಯಾರಾದರೊಬ್ಬರು ಅದರಲ್ಲಿ ಹುಳುಕು ಹುಡುಕುತ್ತಿದ್ದರು, ಮಾತಿಗೆ ಮಾತು ಬೆಳೆಯುತ್ತಿತ್ತು, ಬಡಿಸಿದ್ದೆಲ್ಲ ಆರಿ ಹೋಗುತ್ತಿತ್ತು. ಅದಕ್ಕೇ ತಮ್ಮ ತನ್ನ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡೇ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ. ಅಕ್ಕನ ಅತ್ತೆ ಕೈ ತೊಳೆದು ಬಂದು ಕೂತ ಮೇಲೆ ಬಾಯಿ ಬಿಟ್ಟ.

“ಅಕ್ಕಾ, ನನ್ನನ್ನ ನಿಮ್ಮ ಕಂಪನಿಗೇ ಹಾಕಿದಾರೆ. ಮುಂದಿನ ವಾರದಿಂದ ಬರ್ತೀನಿ.”

“ಯಾವ ಕೆಲಸಕ್ಕೆ?”

“ಕೋಚ್ ಅಂತ.”

“ಆಟ ಆಡಿಸೋಕಾ?” ಎಂದಳು ಅತ್ತೆ.

ಅಕ್ಕನ ಮಗಳು ನಕ್ಕಳು, ಮಗನಂತೆ ಆ ಮನೆಯಲ್ಲಿ ಬೆಳೆದ ತಮ್ಮನೂ ನಕ್ಕ. ಅಕ್ಕ ನಗಲಿಲ್ಲ. ಊರಿಗೆಲ್ಲ ಕರೆಂಟು ಕೊಡುವ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಅವಳದು ಪರೀಕ್ಷೆಯ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮನ್ನು ಜನರ ಮೇಲೆ ಬಿಡುವ ಮುಂಚೆ ಅದು ಎಲ್ಲೆಲ್ಲಿ ಎಡವುತ್ತದೆ ಎಂದು ನೋಡಿ ಹೇಳುವುದು. ಹೊಸ ಪದ್ಧತಿ ಬರುತ್ತದೆ, ದೊಡ್ಡ ವಿಭಾಗಗಳನ್ನೆಲ್ಲ ಒಡೆದು ಸಣ್ಣ ಸಣ್ಣ ತಂಡ ಮಾಡುತ್ತಾರೆ, ಎರಡೆರಡು ವಾರದ ಒಂದೊಂದು ಸುತ್ತಿಗೆ ಒಂದಿಷ್ಟು ಕೆಲಸ ಮುಗಿಸಿ ತೋರಿಸಬೇಕು, ಪರೀಕ್ಷೆ ವಿಭಾಗ ಅಂತ ಇನ್ನು ಇರುವುದಿಲ್ಲ ಎಂಬ ಮಾತು ಮಹಡಿಯ ತುಂಬ ಓಡಾಡುತ್ತಿತ್ತು.

“ಅಂದ್ರೆ ನಮ್ಮ ವಿಭಾಗಾನ ಎತ್ತಿ ಹಾಕೋಕೆ ಬರ್ತಿರೋನು ನೀನೇನಾ?”

“ಎತ್ತಿ ಹಾಕೋದಲ್ಲ ಅಕ್ಕ, ಹಂಚೋದು. ಒಂದೊಂದು ತಂಡಕ್ಕೆ ಒಬ್ಬೊಬ್ರು. ಬರೆಯೋರ ಪಕ್ಕದಲ್ಲೇ ಕೂತು ನೋಡ್ತೀರ. ನಿನಗೇ ಒಳ್ಳೇದು.”

“ಆಮೇಲೆ?”

“ಒಂದಷ್ಟು ತಿಂಗಳು ನೋಡ್ತಾರೆ. ಹೊಂದಿಕೊಂಡೋರು ಉಳೀತಾರೆ.”

“ಹೊಂದಿಕೊಳ್ಳದೋರು?”

ತಮ್ಮ ನೀರು ಕುಡಿದ.

“ಅವರನ್ನೆಲ್ಲ ಕಂಬ ಹತ್ತಿಸಿ ಬಿಡು,” ಎಂದ ಅಕ್ಕನ ಗಂಡ. “ನಮ್ಮಲ್ಲಿ ಜನ ಸಾಲ್ತಾ ಇಲ್ಲ.” ಅವನು ಅದೇ ಕಂಪನಿಗೆ ಗುತ್ತಿಗೆದಾರನ ಕೆಳಗೆ ದುಡಿಯುವ ಲೈನ್‌ಮನ್. ಒಂದೇ ಕಂಪನಿಯ ಅನ್ನ ತಿಂದರೂ ಅಕ್ಕನದು ಖಾಯಂ ಸಂಬಳ, ಅವನದು ಕೆಲಸವಿದ್ದಷ್ಟು ದಿನ ಕೂಲಿ.

ಅಕ್ಕನನ್ನು ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಈ ತಮ್ಮನೇ. ಅಪ್ಪ ಅಮ್ಮ ಬೇಗ ಹೋದರು. ಇನ್ನೂ ಹಲ್ಲು ಬೀಳುವ ವಯಸ್ಸಿನ ಅವನನ್ನು ಕಟ್ಟಿಕೊಂಡೇ ಅವಳು ಈ ಮನೆಗೆ ಬಂದಳು. ಅವನ ಬಾಯಲ್ಲಿ ದಿನವಿಡೀ ಅಕ್ಕ ಅಕ್ಕ ಎಂದು ಕೇಳಿ ಕೇಳಿ ಗಂಡ ತಮಾಷೆಗೆ ಹಾಗೆ ಕರೆದ, ಆಮೇಲೆ ಅದೇ ಹೆಸರಾಯಿತು. “ಮದುವೆಗೆ ಉಡುಗೊರೆ ಅಂತ ಕೊಟ್ರು, ವಾಪಸ್ ತಗೊಳ್ಳೋಕೆ ಯಾರೂ ಬರಲಿಲ್ಲ,” ಎಂದು ಲೈನ್‌ಮನ್ ತಮ್ಮನನ್ನು ತೋರಿಸಿ ಬಂದವರಿಗೆಲ್ಲ ಹೇಳುತ್ತಿದ್ದ. ಮಗಳ ಕಾಲೇಜು, ಅತ್ತೆಯ ಮಾತ್ರೆ, ಬಾಡಿಗೆ ಎಲ್ಲ ನಿಂತಿದ್ದು ಅಕ್ಕನ ಸಂಬಳದ ಮೇಲೆ. ಈಗ ಅವಳಿಗೆ ಆ ಕೆಲಸವೂ ಉಳಿಯಬೇಕಿತ್ತು, ತಮ್ಮನೂ ಉಳಿಯಬೇಕಿತ್ತು. ದೊಡ್ಡ ಆಸೆಯೇನಲ್ಲ.

ಮುಂದಿನ ವಾರ ಪರೀಕ್ಷೆ ವಿಭಾಗದ ಬೀರುಗಳನ್ನು ನೆಲದ ಮೇಲೆ ಎಳೆದುಕೊಂಡು ಹೋದರು. ಅಕ್ಕನ ಮೇಜು ಕಿಟಕಿಯಿಲ್ಲದ ಒಂದು ಕೋಣೆಗೆ ಹೋಯಿತು. ಅಲ್ಲಿ ಅವಳ ಮಗಳಿಗಿಂತ ಸ್ವಲ್ಪವೇ ದೊಡ್ಡವರಾದ ಹುಡುಗ ಹುಡುಗಿಯರು, ಬಿಲ್ಲಿಂಗ್ ವಿಭಾಗದಿಂದ ಬಂದ ಒಬ್ಬ ಹೆಂಗಸು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಆ ಹೆಂಗಸಿನ ಕೆಲಸ. ಬಾಯಿ ತೆರೆದರೆ ಆದ್ಯತೆ ಎನ್ನುತ್ತಿದ್ದಳಾದ್ದರಿಂದ ಆದ್ಯತೆ ಮೇಡಂ ಎಂದು ಹೆಸರು ಬಿತ್ತು. ಗೋಡೆಯ ಮೇಲೆ ನಾಲ್ಕು ಕಾಲಮ್ಮು: ಮಾಡಬೇಕು, ಮಾಡುತ್ತಿದ್ದೇವೆ, ಪರೀಕ್ಷೆ, ಮುಗಿಯಿತು. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಬೆಳಿಗ್ಗೆ ಎಲ್ಲರೂ ಗೋಡೆಯ ಮುಂದೆ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಾದರೂ ಇದೆಯೇ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಕೂರುವ ಹಾಗಿಲ್ಲ. ಕೂತರೆ ಮಾತು ಉದ್ದವಾಗುತ್ತದೆ.

“ಕಾರ್ಡನ್ನ ಯಾರು ಬೇಕಾದ್ರೂ ಸರಿಸಬಹುದು,” ಎಂದ ತಮ್ಮ ಮೊದಲ ದಿನ. “ಆದ್ರೆ ಕೊನೇ ಕಾಲಮ್ಮಿಗೆ ಮಾತ್ರ ಪರೀಕ್ಷೆ ಮಾಡೋರ ಕೈಯೇ ಸರಿಸಬೇಕು. ಅವರು ಸರಿ ಅಂದ್ರೇನೇ ಮುಗೀತು ಅಂತ ಲೆಕ್ಕ.” ಹೇಳುವಾಗ ಅಕ್ಕನ ಕಡೆ ನೋಡಿದ. ಅವಳಿಗೆ ಹೆಮ್ಮೆಯಾಯಿತು. ಆಗಿದ್ದನ್ನು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊದಲ ಕೆಲವು ವಾರ ಅವಳಿಗೆ ಹೊಸ ಪದ್ಧತಿ ಹಿಡಿಸಿತು. ಮುಂಚೆ ತಪ್ಪು ಕಂಡರೆ ಕಾಗದ ಬರೆದು, ಇನ್ನೊಂದು ಮಹಡಿಗೆ ಕಳಿಸಿ, ಉತ್ತರಕ್ಕೆ ಕಾದು ಕಾದು ಸಾಕಾಗುತ್ತಿತ್ತು. ಈಗ ಪಕ್ಕದ ಹುಡುಗಿಯ ಭುಜ ತಟ್ಟಿ “ಇಲ್ಲಿ ನೋಡೇ” ಎಂದರೆ ಮುಗಿಯಿತು. ಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತ ಅದನ್ನೇ ಹೊಗಳಿದಳು. ತಮ್ಮ ಪಾತ್ರೆ ಉಜ್ಜುತ್ತ ಕೇಳಿಸಿಕೊಂಡ. ಆ ಮನೆಯಲ್ಲಿ ಪಾತ್ರೆ ಅವನ ಪಾಲು. ಹಾಡಿಕೊಂಡು ಉಜ್ಜುತ್ತಿದ್ದ, ಕೆಟ್ಟದಾಗಿ ಹಾಡುತ್ತಿದ್ದ.

“ಹೇಳಿದ್ನಲ್ಲ?” ಎಂದ.

“ಹೇಳಿದ್ದೆ ಕಣೋ. ಈಗ ಆ ತಪ್ಪಲೆ ತಳ ಸರಿಯಾಗಿ ಉಜ್ಜು.”

ಕೆಟ್ಟದ್ದು ಶುರುವಾದದ್ದು ಆಫೀಸಿನ ಮುಂಬಾಗಿಲಲ್ಲಿ. ಕೆಲಸಕ್ಕೆ ಇಷ್ಟೆಂದು ಅಂಕ ಕೊಟ್ಟು, ಒಂದೊಂದು ತಂಡ ಎಷ್ಟು ಮುಗಿಸಿತು ಎಂದು ಗೆರೆ ಎಳೆದು ನೋಡುವ ಪದ್ಧತಿಯಿತ್ತು. ಅದು ತಂಡ ತನ್ನನ್ನು ತಾನು ಅಳೆದುಕೊಳ್ಳುವುದಕ್ಕೆ, ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದಕ್ಕಲ್ಲ ಎಂದು ತಮ್ಮ ದೊಡ್ಡ ಸಾಹೇಬರಿಗೆ ಬಿಡಿಸಿ ಹೇಳಿದ. ಸಾಹೇಬರು ತಲೆದೂಗಿ ಕೇಳಿದರು. ಮರುದಿನ ಎಲ್ಲ ತಂಡಗಳ ಗೆರೆಯೂ ಮುಂಬಾಗಿಲ ಟೀವಿಯಲ್ಲಿ, ಒಂದರ ಮೇಲೊಂದು. ಅಕ್ಕನ ತಂಡದ್ದು ಎಲ್ಲಕ್ಕಿಂತ ಕೆಳಗೆ. ಉಳಿದ ತಂಡಗಳು ಸಣ್ಣ ಕೆಲಸಕ್ಕೂ ದೊಡ್ಡ ಅಂಕ ಹಾಕಿಕೊಳ್ಳುವುದನ್ನು ಕಲಿತವು. ಅಕ್ಕನ ತಂಡಕ್ಕೆ ಆ ಜಾಣತನ ಬರಲಿಲ್ಲ, ಮೇಲಾಗಿ ಅಕ್ಕ ಪ್ರತಿ ಕಾರ್ಡನ್ನೂ ಹಿಡಿದುಕೊಂಡು ಕೂರುತ್ತಿದ್ದಳು.

“ಸ್ವಲ್ಪ ಬೇಗ ಬಿಡಬಾರದಾ ಅಕ್ಕ?” ಎಂದ ತಮ್ಮ ಒಂದು ದಿನ, ಊಟಕ್ಕೆ ಕೂತಾಗ.

“ಏನನ್ನ?”

“ಕಾರ್ಡು. ಎಲ್ಲಾ ತಂಡದೋರೂ ಬಿಡ್ತಾರೆ. ಸಣ್ಣಪುಟ್ಟದ್ದು ಉಳಿದ್ರೆ ಮುಂದಿನ ಸುತ್ತಲ್ಲಿ ನೋಡ್ತಾರೆ.”

“ಸಣ್ಣದು ಯಾವುದು, ಪುಟ್ಟದು ಯಾವುದು ಅಂತ ನೋಡಿದ ಮೇಲೆ ತಾನೇ ಗೊತ್ತಾಗೋದು?”

“ಟೀವಿ ನೋಡ್ತೀಯಲ್ಲ ದಿನಾ. ಆ ಗೆರೆ ನೋಡಿ ನನ್ನನ್ನ ಇಟ್ಕೋಬೇಕಾ ಕಳಿಸಬೇಕಾ ಅಂತ ತೀರ್ಮಾನ ಮಾಡ್ತಾರೆ. ನಿನ್ನನ್ನೂ ಅಷ್ಟೇ.”

“ನೀನೇ ತಾನೇ ಆ ಗೆರೆ ಎಳೆದದ್ದು?”

“ನಾನು ಬೇಡ ಅಂದೆ ಅಕ್ಕ!”

“ಅಂದೆ. ಆಮೇಲೆ ಸುಮ್ಮನಾದೆ.”

ತಮ್ಮನ ಮುಖ ಕೆಂಪಾಯಿತು. ಮಗಳು ಮೊಟ್ಟೆಯ ತಟ್ಟೆಯನ್ನು ಇಬ್ಬರ ನಡುವೆ ಸರಿಸಿ, “ಇಬ್ರೂ ಆಫೀಸನ್ನ ಆಫೀಸಲ್ಲೇ ಬಿಟ್ಟು ಬನ್ನಿ. ಮಾವ, ನಿಂಗೆ ಎಷ್ಟು?” ಎಂದಳು. ತಮ್ಮ ಬೇಡವೆಂದ. ಅವನು ಮೊಟ್ಟೆ ಬೇಡವೆಂದದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಆ ಹೊತ್ತಿಗೆ ತಂಡಕ್ಕೆ ದೊಡ್ಡ ಕೆಲಸವೊಂದು ಬಂದಿತ್ತು. ಬಿಲ್ಲು ಕಟ್ಟದವರ ಮನೆಯ ಕರೆಂಟನ್ನು ಇನ್ನು ಮುಂದೆ ಲೈನ್‌ಮನ್ ಹೋಗಿ ಕೀಳುವುದು ಬೇಡ. ಹೊಸ ಮೀಟರನ್ನು ಆಫೀಸಿನಿಂದಲೇ ಆರಿಸಬಹುದು. ಕಾರ್ಡಿನ ಮೇಲೆ ‘ಕಡಿತ’ ಎಂದು ಬರೆದಿದ್ದರು. ಉಸಿರಾಟದ ಯಂತ್ರ ಇಟ್ಟುಕೊಂಡ ರೋಗಿಗಳಿರುವ ಮನೆಗಳಿಗೆ ಕಂಪ್ಯೂಟರಿನಲ್ಲಿ ಒಂದು ಗುರುತಿರುತ್ತದೆ, ಬಿಲ್ಲು ಕಟ್ಟದಿದ್ದರೂ ಆ ಮನೆಗಳನ್ನು ಮುಟ್ಟುವ ಹಾಗಿಲ್ಲ. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದು ಅದನ್ನೇ. ಗುರುತಿದ್ದ ಮನೆ, ಗುರುತಿಲ್ಲದ ಮನೆ, ಬಾಡಿಗೆದಾರ ಬದಲಾದ ಮನೆ. ಎಲ್ಲ ಸರಿಯಿತ್ತು. ಉಳಿದಿದ್ದು ಒಂದು: ಹಳೆಯ ಮೀಟರ್ ಕಿತ್ತು ಹೊಸದು ಹಾಕಿದಾಗ ಆ ಗುರುತು ಹೊಸ ಮೀಟರಿಗೆ ಬರುತ್ತದೋ ಇಲ್ಲವೋ. ಅದನ್ನು ನೋಡಬೇಕಾದರೆ ಮೀಟರ್ ತಂಡದವರು ಒಂದು ದಿನ ಕೊಡಬೇಕು. ಅವರಿಗೆ ಅವರ ಗೆರೆಯ ಚಿಂತೆ.

ಎರಡು ವಾರದ ಕೊನೆಯ ದಿನ, ಮಧ್ಯಾಹ್ನ ದೊಡ್ಡ ಸಾಹೇಬರಿಗೆ ಕೆಲಸ ತೋರಿಸಬೇಕಿತ್ತು. ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಳು. ಲೈನ್‌ಮನ್ ಅಷ್ಟು ಹೊತ್ತಿಗೆ ಊರಾಚೆ ಎಲ್ಲೋ ಕಂಬದ ಮೇಲಿದ್ದ, ಫೋನು ತೆಗೆಯಲಿಲ್ಲ. ಅಕ್ಕನೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಗೆ ತಮ್ಮನ ಫೋನು ಬಂತು.

“ಅತ್ತೆ ಹೇಗಿದಾರೆ ಅಕ್ಕ?”

“ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆಯಂತೆ. ಪಟ್ಟಿ ಹಾಕ್ತಿದಾರೆ.”

“ಛೆ. ನಾನು ಸಂಜೆ ಬೇಗ ಬರ್ತೀನಿ.” ಆಮೇಲೆ ಹೇಳಿದ: “ಅಕ್ಕ, ಕಡಿತದ ಕಾರ್ಡು ಇನ್ನೂ ಪರೀಕ್ಷೆ ಕಾಲಮ್ಮಲ್ಲೇ ಇದೆ.”

“ಗೊತ್ತು. ಹೊಸ ಮೀಟರಿನದ್ದು ಉಳಿದಿದೆ.”

“ಸಾಹೇಬರು ಬರೋ ಹೊತ್ತಾಯ್ತು. ಇದು ಮುಗಿದಿಲ್ಲ ಅಂದ್ರೆ ಈ ಸಲ ನಮ್ಮ ಗೆರೆ ನೆಲ ಕಚ್ಚುತ್ತೆ. ಪರೀಕ್ಷೆಯೋರೇ ಅಡ್ಡಿ ಅಂತ ಮೊನ್ನೆಯಿಂದ ಹೇಳ್ತಾನೇ ಇದಾರೆ. ನಿನ್ನ ಹೆಸರು ಹೇಳೇ ಹೇಳ್ತಿದಾರೆ ಅಕ್ಕ. ಈಗ ಸರಿಸಿಬಿಡೋಣ. ಉಳಿದಿದ್ದನ್ನ ಬೇರೆ ಕಾರ್ಡು ಮಾಡಿ ಮುಂದಿನ ಸುತ್ತಲ್ಲಿ ಮೊದಲು ಅದನ್ನೇ ತಗೊಳ್ಳೋಣ. ನನ್ನಾಣೆ.”

ಒಳಗೆ ಅತ್ತೆ ನೋವಿಗೆ ಕೂಗಿಕೊಂಡಳು. ನರ್ಸು ಬಂದು ಅಕ್ಕನನ್ನು ಕೈಸನ್ನೆಯಿಂದ ಕರೆದಳು.

“ಅಕ್ಕ? ನೀನು ಬೇಡ ಅಂದ್ರೆ ಬೇಡ.”

“ಸರಿಸು,” ಎಂದಳು ಅಕ್ಕ.

ಆ ಸಂಜೆ ತಮ್ಮ ಹಣ್ಣು ತಂದ. ಅತ್ತೆಗೆ ತಾನೇ ಬಿಡಿಸಿ ಬಾಯಿಗಿಟ್ಟ. ಸಾಹೇಬರು ಚಪ್ಪಾಳೆ ತಟ್ಟಿದರು ಎಂದು ಹೇಳಿದ. ಗೆರೆ ಮೇಲೆದ್ದಿತ್ತು.

ಮುಂದಿನ ಸುತ್ತು ಶುರುವಾದಾಗ ಅಕ್ಕ ಹಳದಿ ಕಾರ್ಡೊಂದರ ಮೇಲೆ ‘ಹೊಸ ಮೀಟರ್, ಹಳೆಯ ಗುರುತು’ ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು.

“ಇದನ್ನ ಮಾಡಿದ್ರೆ ಹೊಸದಾಗಿ ಏನು ಕಾಣಿಸುತ್ತೆ?” ಎಂದಳು ಆದ್ಯತೆ ಮೇಡಂ.

“ಏನೂ ಕಾಣಿಸಲ್ಲ ಮೇಡಂ. ಸರಿಯಿದೆಯೋ ಇಲ್ವೋ ಗೊತ್ತಾಗುತ್ತೆ.”

“ಅದೇ ನೋಡಿ. ತೋರಿಸೋಕೆ ಏನೂ ಇಲ್ಲದ್ದಕ್ಕೆ ಈ ಸಲ ಜಾಗ ಇಲ್ಲ. ಮುಂದಿನ ಸಲ ಇಟ್ಕೊಳ್ಳೋಣ.”

ಅಕ್ಕ ತಮ್ಮನ ಮುಖ ನೋಡಿದಳು. “ಆದ್ಯತೆ ಮೇಡಂದೇ ಕೊನೇ ಮಾತು. ಅದು ಪದ್ಧತಿ,” ಎಂದ ಅವನು. ಕಾರ್ಡು ಕೆಳಗಿಳಿಯಿತು. ಅದರ ಮುಂದಿನ ಸಲ ಇನ್ನೂ ಕೆಳಗೆ. ಅಕ್ಕ ಬೆಳಿಗ್ಗೆ ನಿಂತಾಗೆಲ್ಲ, “ಅಡ್ಡಿ ಇದೆ. ಮೀಟರ್ ತಂಡದವರು ದಿನ ಕೊಟ್ಟಿಲ್ಲ,” ಎಂದಳು. ತಮ್ಮ ಬರೆದುಕೊಂಡ. ಹುಡುಗರು ಕಾಲು ಬದಲಿಸಿದರು. ದಿನಾ ಅದೇ ರಾಗ ಎಂದು ಒಬ್ಬ ಗೊಣಗಿದ್ದು ಅವಳ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ತಮ್ಮ, “ಅಡ್ಡಿ?” ಎಂದಾಗ ಅವಳ ಬಾಯಿಂದ “ಇಲ್ಲ” ಎಂದು ಬಂತು. ಅಂದು ಸಂಜೆ ಆದ್ಯತೆ ಮೇಡಂ ಲಿಫ್ಟಿನಲ್ಲಿ ಸಿಕ್ಕಿ, “ನೀವು ಈಗೀಗ ಚೆನ್ನಾಗಿ ಹೊಂದ್ಕೋತಿದೀರ,” ಎಂದಳು. ಅಕ್ಕನಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕಾಗಿ ಆಮೇಲೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ಮನೆಯಲ್ಲಿ ಕೆಲಸ ಹೆಚ್ಚಾಗಿತ್ತು. ಅತ್ತೆಯ ಕೈ ಕುತ್ತಿಗೆಗೆ ತೂಗುಬಿದ್ದಿತ್ತು. ತಲೆ ಬಾಚುವುದರಿಂದ ಹಿಡಿದು ಎಲ್ಲ ಮಾಡಬೇಕು. ಮಗಳು ಬಟ್ಟೆ, ತಮ್ಮ ಪಾತ್ರೆ, ಲೈನ್‌ಮನ್ ಬೆಳಗಿನ ಚಹಾ. ಅವನ ಚಹಾ ಕುಡಿದು ಅತ್ತೆ, “ಇದಕ್ಕಿಂತ ಮುರಿದ ಕೈಯೇ ವಾಸಿ,” ಎಂದು ಮೂಗು ಮುರಿಯುತ್ತಿದ್ದಳು. ನಗು ಇತ್ತು. ಆ ಮನೆಯಲ್ಲಿ ಕಡೆಯ ಸಲ ಎಲ್ಲರೂ ಒಟ್ಟಿಗೆ ನಕ್ಕಿದ್ದು ಆ ದಿನಗಳಲ್ಲೇ.

ಕಡಿತದ ಪ್ರೋಗ್ರಾಮನ್ನು ಮೊದಲು ಒಂದು ಬಡಾವಣೆಗೆ ಬಿಟ್ಟರು, ಆಮೇಲೆ ಊರಿಗೆಲ್ಲ. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಸಂಜೆ, ಲೈನ್‌ಮನ್ ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ಹಾಗೇ ಅಡುಗೆಮನೆಯ ಹೊಸ್ತಿಲಲ್ಲಿ ಕೂತುಬಿಟ್ಟ.

“ಊಟಕ್ಕೆ ಏಳಿ,” ಎಂದಳು ಅಕ್ಕ.

“ಬ್ಯಾಂಡ್ ಮೇಷ್ಟ್ರು ಹೋಗ್ಬಿಟ್ರು ಕಣೇ.”

ಬ್ಯಾಂಡ್ ಮೇಷ್ಟ್ರು ಹಿಂದಿನ ಬೀದಿಯವರು. ಶಾಲೆಯ ಮಕ್ಕಳಿಗೆ ವಾದ್ಯ ಊದುವುದನ್ನು ಕಲಿಸಿ ನಿವೃತ್ತರಾದವರು, ಶ್ವಾಸಕೋಶ ಕೆಟ್ಟು ಈಚೆಗೆ ಹಾಸಿಗೆ ಹಿಡಿದಿದ್ದರು. ಅಕ್ಕನ ಮಗಳಿಗೂ ಕಲಿಸಿದ್ದರು.

“ಪಾಪ. ಯಾವಾಗ?” ಎಂದಳು ಅತ್ತೆ.

“ಬೆಳಿಗ್ಗೆ. ಕರೆಂಟಿಲ್ಲ ಅಂತ ದೂರು ಬಂತು, ನನ್ನನ್ನೇ ಕಳಿಸಿದ್ರು. ಹೋಗಿ ನೋಡಿದ್ರೆ ಕಂಬದಲ್ಲಿದೆ, ಪಕ್ಕದ ಮನೇಲಿದೆ, ಇವರ ಮನೇಲಿ ಮಾತ್ರ ಇಲ್ಲ. ಆಫೀಸಿಂದ ಆರಿಸಿದಾರೆ. ಅವರ ಹೆಂಡತಿ ಮಾತ್ರೆ ತರೋಕೆ ಹೋಗಿದ್ರಂತೆ. ಉಸಿರಿನ ಯಂತ್ರದ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ? ನಾನು ಬಾಗಿಲು ತಟ್ಟೋ ಹೊತ್ತಿಗೆ…” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಆಸ್ಪತ್ರೆ ಓಡಾಟದಲ್ಲಿ ಬಿಲ್ಲು ಕಟ್ಟೋದು ಮರೆತಿದ್ರಂತೆ. ಮುಂಚೆ ಆಗಿದ್ರೆ ಕೀಳೋಕೆ ನಾವೇ ಹೋಗ್ತಿದ್ವಿ. ಬಾಗಿಲು ತಟ್ಟಿದ್ರೆ ಯಂತ್ರ ಕಾಣ್ತಿತ್ತು, ಬಂದ ದಾರೀಲೇ ವಾಪಸ್ ಬರ್ತಿದ್ವಿ.”

ಅಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು.

“ಮೀಟರ್ ಹೊಸದಾ ರೀ?”

“ನಾನೇ ಹಾಕಿದ್ದು, ಹೋದ ತಿಂಗಳು. ಚಹಾ ಕೊಟ್ರು. ಯಾಕೆ?”

ಹಿಂದೆ ನಲ್ಲಿಯ ಸದ್ದು ನಿಂತಿತು. ತಮ್ಮ ಒದ್ದೆ ಕೈಯಲ್ಲಿ ಪಾತ್ರೆ ಹಿಡಿದುಕೊಂಡು ನಿಂತಿದ್ದ. ಅವನ ಮುಖ ನೋಡಿ ಮಗಳಿಗೆ ಏನೋ ಹೊಳೆಯಿತು.

“ಮಾವ, ನಿಂಗೆ ಗೊತ್ತಿತ್ತಾ?”

“ಏನು ಗೊತ್ತಿತ್ತು?” ಎಂದ ಲೈನ್‌ಮನ್. “ಏನು ಗೊತ್ತಿತ್ತು, ಹೇಳ್ರೋ!”

ಅಕ್ಕನೇ ಹೇಳಿದಳು. ಆಸ್ಪತ್ರೆ, ಫೋನು, ಕಾರ್ಡು, ಮುಂದಿನ ಸುತ್ತು, ಅದರ ಮುಂದಿನ ಸುತ್ತು. ಯಾವುದನ್ನೂ ಬಿಡಲಿಲ್ಲ, ತಾನು “ಸರಿಸು” ಎಂದದ್ದನ್ನು ಎರಡು ಸಲ ಹೇಳಿದಳು. ಲೈನ್‌ಮನ್ ಎದ್ದು ಭಾವಮೈದುನನ ಮುಂದೆ ನಿಂತ.

“ಆಣೆ ಇಟ್ಟಿದ್ದೆಯಂತಲ್ಲೋ.”

“ಭಾವ, ಅದು ನನ್ನ ಕೈಲಿರಲಿಲ್ಲ. ಆದ್ಯತೆ ಮೇಡಂ—”

“ಸರಿಸಿದ್ದು ಯಾರ ಕೈ?”

ತಮ್ಮ ಪಾತ್ರೆಯನ್ನು ಕೆಳಗಿಟ್ಟ.

“ಇವನು ಈ ಮನೇಲಿ ಇರೋದು ಬೇಡ,” ಎಂದ ಲೈನ್‌ಮನ್ ಹೆಂಡತಿಗೆ.

“ಇರಲಿ,” ಎಂದಳು ಅಕ್ಕ. “ನಾನು ಹೇಳಬೇಕಾದ್ದು ನಾನು ಹೇಳ್ತೀನಿ. ಅವನದ್ದು ಅವನು ಹೇಳ್ತಾನೆ. ನಾನು ಸಾಕಿದ ಹುಡುಗ.”

ಅಂದು ಯಾರೂ ಊಟ ಮಾಡಲಿಲ್ಲ. ಅತ್ತೆ ಮಾತ್ರೆ ನುಂಗಬೇಕಿತ್ತು, ಅವಳಿಗೆ ಹಾಲು ಬಿಸಿ ಮಾಡಿ ಕೊಟ್ಟರು.

ಕಂಪನಿಯಲ್ಲಿ ಸುತ್ತಿನ ಕೊನೆಗೊಂದು ಸಭೆಯಿರುತ್ತಿತ್ತು. ಏನು ಸರಿಹೋಯಿತು, ಏನು ತಪ್ಪಾಯಿತು ಎಂದು ತಂಡದವರು ಮನಬಿಚ್ಚಿ ಹೇಳುವ ಸಭೆ. ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ, ಆ ಕೋಣೆಯ ಮಾತು ಆ ಕೋಣೆಯಲ್ಲೇ. ಎಲ್ಲರೂ ಹೆಸರಿಲ್ಲದೆ ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ; ಕೋಚ್ ಒಂದೊಂದಾಗಿ ತೆಗೆದು ಓದುತ್ತಾನೆ. ಕೋಚ್ ಮಾತ್ರ ಚೀಟಿ ಬರೆಯುವ ಹಾಗಿಲ್ಲ. ಅವನು ಆಟಗಾರನಲ್ಲ, ಆಡಿಸುವವನು.

ಈ ಸಲದ ಸಭೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ತಮ್ಮ ಪೆಟ್ಟಿಗೆಯಿಂದ ಚೀಟಿ ತೆಗೆದ. “ಮೀಟರ್ ತಂಡ ಸಹಕರಿಸಲಿಲ್ಲ.” ಇನ್ನೊಂದು. “ಗಡುವು ಬಿಗಿಯಾಗಿತ್ತು.” ಇನ್ನೊಂದು. “ಆ ಅಜ್ಜ ನನ್ನ ಕನಸಲ್ಲಿ ಬರ್ತಾರೆ.” ಅದನ್ನು ಬರೆದ ಹುಡುಗಿ ಅಳಲು ಶುರುಮಾಡಿದಳು. ಮುಂದಿನ ಚೀಟಿ ಬಿಡಿಸಿದಾಗ ತಮ್ಮನ ಕೈ ಒಂದು ಗಳಿಗೆ ತಡೆಯಿತು. ಅವನಿಗೆ ಅಕ್ಷರ ಕಲಿಸಿದ ಕೈಯ ಬರಹ ಅದು.

“ಪರೀಕ್ಷೆ ಮುಗಿಯದೆ ಕಾರ್ಡು ಸರಿಸು ಎಂದು ಹೇಳಿದವಳು ನಾನು,” ಎಂದು ಓದಿದ.

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿತು. ಹೆಸರು ಬರೆಯದಿದ್ದರೇನು, ಆ ಕೋಣೆಯಲ್ಲಿ ಪರೀಕ್ಷೆ ಮಾಡುವವಳು ಅವಳೊಬ್ಬಳೇ. ಅಕ್ಕ ಯಾರನ್ನೂ ನೋಡಲಿಲ್ಲ, ತಮ್ಮನನ್ನೇ ನೋಡುತ್ತಿದ್ದಳು. ಚಿಕ್ಕವನಿದ್ದಾಗ ಗಾಜು ಒಡೆದು ಬಂದವನು ಹೀಗೇ ನಿಲ್ಲುತ್ತಿದ್ದ. ಅವಳು ಸುಮ್ಮನೆ ನೋಡುತ್ತಿದ್ದಳು, ಸ್ವಲ್ಪ ಹೊತ್ತಿಗೆ ತಾನೇ ಬಾಯಿ ಬಿಡುತ್ತಿದ್ದ.

ತಮ್ಮ ಚೀಟಿಯನ್ನು ಮಡಚಿದ.

“ಮನಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ,” ಎಂದ. “ಇನ್ನೊಂದು ಚೀಟಿ ಇದೆ, ನೋಡೋಣ.”

ಕೆಲವು ದಿನಕ್ಕೆ ಅಕ್ಕನನ್ನು ಸಿಬ್ಬಂದಿ ವಿಭಾಗಕ್ಕೆ ಕರೆದರು. ಅಲ್ಲಿದ್ದ ಹೆಂಗಸು ಮೆತ್ತಗಿನ ದನಿಯವಳು. ಯಾರನ್ನೂ ದೂಷಿಸುತ್ತಿಲ್ಲ, ಇದು ಪ್ರಕ್ರಿಯೆಯ ದೋಷ, ಆದರೆ ಹೊಸ ವ್ಯವಸ್ಥೆಯಲ್ಲಿ ನಿಮಗೆ ಹೊಂದುವ ಜಾಗ ಕಾಣುತ್ತಿಲ್ಲ ಎಂದಳು. ಕಾರಣ ಕೇಳಿದ್ದಕ್ಕೆ ಕೋಚ್ ಕೊಟ್ಟ ವರದಿಯಿಂದ ಒಂದು ಸಾಲು ಓದಿದಳು: ಪರೀಕ್ಷಕರು ಪೂರ್ಣ ಪರೀಕ್ಷೆಯಿಲ್ಲದೆ ಒಪ್ಪಿಗೆ ನೀಡಿದರು.

“ಅಷ್ಟೇನಾ?” ಎಂದಳು ಅಕ್ಕ.

“ಇಷ್ಟೇ ಇದೆ.”

ಸುಳ್ಳೇನಲ್ಲ. ಅದಕ್ಕೇ ಅವಳಿಗೆ ಜಗಳವಾಡಲು ಏನೂ ಸಿಗಲಿಲ್ಲ. ಮೇಜಿನ ಮೇಲಿದ್ದ ತನ್ನ ಲೋಟ, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಗೋಡೆಯ ಮೇಲೆ ಹಳದಿ ಕಾರ್ಡು ಎಲ್ಲಕ್ಕಿಂತ ಮೇಲೆ ಬಂದಿತ್ತು.

ಕೆಲಸ ಹೋದ ಸುದ್ದಿಯನ್ನು ಅವಳು ಊಟಕ್ಕೆ ಮುಂಚೆಯೇ ಹೇಳಿದಳು. ಕೆಟ್ಟ ಸುದ್ದಿಗೆ ಆ ನಿಯಮವಿರಲಿಲ್ಲ. ಮಗಳು ಕಾಲೇಜು ಬಿಟ್ಟು ಕೆಲಸ ಹುಡುಕುತ್ತೇನೆ ಎಂದಳು, ಲೈನ್‌ಮನ್ ಅವಳನ್ನು ಗದರಿಸಿದ, ಆಮೇಲೆ ಯಾರೂ ಆ ಮಾತನ್ನು ಅಲ್ಲಗಳೆಯಲಿಲ್ಲ. ತಮ್ಮ ತಲೆ ಎತ್ತಲಿಲ್ಲ. ಮುಂದಿನ ವಾರ ಅವನನ್ನು ಇಡೀ ಕಂಪನಿಗೆ ಮುಖ್ಯ ಕೋಚ್ ಮಾಡಿದ್ದು ಮನೆಯವರಿಗೆ ಗೊತ್ತಾದದ್ದು ಲೈನ್‌ಮನ್‌ನ ಮೇಸ್ತ್ರಿಯ ಬಾಯಿಂದ.

“ನಾನು ಸಂಬಳ ಪೂರ್ತಿ ನಿನ್ನ ಕೈಗೇ ಕೊಡ್ತೀನಿ ಅಕ್ಕ,” ಎಂದ ಅವನು. “ಮನೆ ನಾನು ನೋಡ್ಕೋತೀನಿ.”

“ಅದಲ್ಲ ನಾನು ಕೇಳ್ತಿರೋದು.”

“ಏನು ಬೇಕು ಹೇಳು.”

ಅಕ್ಕ ಅನ್ನದ ಪಾತ್ರೆ ತಂದಳು. ಬಡಿಸುವಾಗ ಅವನ ತಟ್ಟೆಯ ಪಕ್ಕ, ನೀರಿನ ಲೋಟದ ಜೊತೆಗೆ, ಒಂದು ಬಿಳಿ ಚೀಟಿ ಮತ್ತು ಮಗಳ ಪೆನ್ನು ಇಟ್ಟಳು.

“ಇದೇನು?”

“ಇಲ್ಲಿ ನೀನು ಕೋಚ್ ಅಲ್ಲ. ಬರಿ.”

ಅವನು ಬರೆಯಲಿಲ್ಲ. ಬೇಗ ಬೇಗ ತಿಂದು, ಪಾತ್ರೆ ಉಜ್ಜಿ, ಒಳಗೆ ಹೋದ. ಹಾಡಲಿಲ್ಲ. ಮರುದಿನ ಮತ್ತೆ ಚೀಟಿ ಇತ್ತು. ಅದರ ಮರುದಿನವೂ. ಮನೆಯವರಿಗೆ ರೂಢಿಯಾಯಿತು; ಅತ್ತೆ ಎಡಗೈಯಲ್ಲಿ ಮೇಜು ಒರೆಸುವಾಗ ಅದನ್ನೆತ್ತಿ ಮತ್ತೆ ಅಲ್ಲೇ ಇಡುತ್ತಿದ್ದಳು. ಲೈನ್‌ಮನ್ ಒಂದು ಸಲ, “ಇನ್ನೂ ಎಷ್ಟು ದಿನ ಕಾಯ್ತೀಯೇ?” ಎಂದ.

“ಅವನಿಗೆ ಅಕ್ಷರ ಕಲಿಸೋಕೂ ಸುಮಾರು ದಿನ ಹಿಡೀತು,” ಎಂದಳು ಅಕ್ಕ. ಅವಳು ಒಂದೇ ಸಾಲಿಗಾಗಿ ಕಾಯುತ್ತಿದ್ದಳು. ಸರಿಸಿದ ಕೈ ನನ್ನದು ಎಂಬ ಒಂದು ಸಾಲು. ಅಷ್ಟು ಬರೆದುಕೊಟ್ಟರೆ ಉಳಿದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಲು ಅವಳು ಸಿದ್ಧಳಿದ್ದಳು. ಮತ್ತೆ ಮೊಟ್ಟೆ ಬೇಯಿಸಿ ಹಾಕಲು ಸಿದ್ಧಳಿದ್ದಳು.

ಒಂದು ದಿನ ಊಟದ ನಡುವೆ ಅವನು ಎಡಗೈಯಿಂದ ಚೀಟಿ ಎಳೆದುಕೊಂಡ. ತುತ್ತು ಕಲಸಿದ್ದ ಬಲಗೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಸರಸರನೆ ಬರೆದು, ಮಡಚಿ, ಅಕ್ಕನ ಕಡೆ ತಳ್ಳಿದ. ಅವನ ಕಣ್ಣಲ್ಲಿ ನೀರಿತ್ತು. ಅಕ್ಕ ಕೇಳಿದ್ದನ್ನೇ ಬರೆದೆನೆಂದು ಅವನು ನಿಜವಾಗಿ ನಂಬಿದ್ದ.

ಅಕ್ಕ ಕನ್ನಡಕ ಹಾಕಿಕೊಂಡಳು. ಅಂದವಾದ ಅಕ್ಷರ, ಅವಳೇ ತಿದ್ದಿಸಿದ್ದು. ‘ನಮ್ಮಲ್ಲಿ ಸಂವಹನದ ಕೊರತೆಯಿತ್ತು. ಮುಂದಿನ ಸುತ್ತಿನಲ್ಲಿ ಸುಧಾರಿಸಿಕೊಳ್ಳೋಣ.’

“ಏನು ಬರೆದಿದಾನೆ?” ಎಂದಳು ಅತ್ತೆ.

ಅಕ್ಕ ಚೀಟಿಯನ್ನು ಮತ್ತೆ ಮಡಚಿದಳು.

“ಅವನಿಗೆ ಈ ಮನೆ ಅನ್ನದ ಋಣ ತೀರಿತಂತೆ ಅತ್ತೆ,” ಎಂದಳು.

ಎದ್ದು ಹೋಗಿ ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು. ಅದರಲ್ಲಿ ಅನ್ನ ಅರ್ಧ ಹಾಗೇ ಇತ್ತು. ನಲ್ಲಿ ತಿರುಗಿಸಿ ತಾನೇ ತೊಳೆಯತೊಡಗಿದಳು.